ವಾಲೈ ರೀಲು ಜುವಾರಿಗೆ ಬಂದಾಗ

ಮಾನ್ಯ ಸಂಪಾದಕರಿಗೆ,

ಭಾನುವಾರದ ಪುರವಣಿಯಲ್ಲಿ ಗಾಳದ ಹವ್ಯಾಸದ ಬಗ್ಗೆ ಬಂದ ಬರಹ, ಸ್ಪಿನ್ನಿಂಗ್ ರೀಲು (ಗಾಳದ ಕೋಲಿಗೆ ಕೂರಿಸಿ, ಹ್ಯಾಂಡಲ್ ತಿರುಗಿಸಿ ದಾರ ಸುತ್ತುವ ಯಂತ್ರ) ಕೊಳ್ಳುವವರು ಅದರೊಳಗೆ ಎಷ್ಟು ಬೇರಿಂಗ್ ಇವೆ ಎಂದು ನೋಡಿ ಕೊಳ್ಳಬೇಕು ಎನ್ನುತ್ತದೆ. ಗೋವಾದ ಮಟ್ಟಿಗೆ ಇದು ದಾರಿ ತಪ್ಪಿಸುವ ಸಲಹೆ. ಡಬ್ಬದ ಮೇಲೆ ‘12+1’ ಎಂದು ಬೇರಿಂಗ್ ಲೆಕ್ಕವನ್ನು ದೊಡ್ಡದಾಗಿ ಅಚ್ಚು ಹಾಕಿದ ಅಗ್ಗದ ರೀಲಿಗಿಂತ, ಒಳ್ಳೆಯ ಸ್ಟೇನ್‌ಲೆಸ್ ಬೇರಿಂಗ್ ನಾಲ್ಕೈದೇ ಇರುವ ರೀಲು ಜುವಾರಿ ನದಿಯ ಉಪ್ಪುನೀರಿನಲ್ಲಿ ಹೆಚ್ಚು ಕಾಲ ಬಾಳುತ್ತದೆ. ಕಳಪೆ ಬೇರಿಂಗ್ ಹೆಚ್ಚಿದಷ್ಟೂ ತುಕ್ಕಿಗೆ ಜಾಗ ಹೆಚ್ಚು, ಅಷ್ಟೆ.

ಗೊಂದಲಕ್ಕೆ ಇನ್ನೊಂದು ಮೂಲವೂ ಇದೆ. ಅಮೆರಿಕ, ಕೆನಡಾದಿಂದ ರಜೆಗೆ ಬರುವ ಮಕ್ಕಳು, ಅಳಿಯಂದಿರು ಅಲ್ಲಿಯ ವಾಲೈ ಮೀನಿಗೆಂದು ಮಾರುವ ರೀಲನ್ನು ಉಡುಗೊರೆ ತರುವುದುಂಟು. ವಾಲೈ ಸಿಹಿನೀರಿನ ಮೀನು. ಅಮೆರಿಕದ ಮಿನೆಸೋಟಾ ರಾಜ್ಯಕ್ಕೆ 1965ರಿಂದ ಅದೇ ಅಧಿಕೃತ ರಾಜ್ಯ ಮೀನು. ಹೆಚ್ಚಿನವು ಒಂದೆರಡು ಕಿಲೋ ತೂಗುತ್ತವೆ. ಮುಸ್ಸಂಜೆಯಲ್ಲಿ ಮೇಯುತ್ತದೆ, ಗಾಳವನ್ನು ಬಲು ಮೆತ್ತಗೆ ಕಚ್ಚುತ್ತದೆ. ಹಾಗಾಗಿ ಅದಕ್ಕೆ ಹಗುರವಾದ 2500 ಅಳತೆಯ ರೀಲು (ಅಂಕಿ ಹೆಚ್ಚಿದಷ್ಟೂ ರೀಲು ದೊಡ್ಡದು), ಎಂಟು-ಹತ್ತು ಪೌಂಡ್ ತಾಳುವ ತೆಳು ದಾರ, ಹ್ಯಾಂಡಲ್ ಒಂದು ಸುತ್ತಿಗೆ ದಾರ ಸುತ್ತುವ ರೋಟರ್ ಐದಾರು ಸುತ್ತು ಬರುವ ಗೇರು. ದಾರ ತೆಳುವಾದ್ದರಿಂದ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕು, ಬೆಣ್ಣೆಯಂತೆ ಜಾರಬೇಕು. ಈ ಒಂದು ಗುಣ ನಮಗೂ ಬೇಕಾದದ್ದೇ. ಆದರೆ ಅಲ್ಲಿಯ ಕೆರೆಗಳಲ್ಲಿ ಉಪ್ಪಿಲ್ಲ, ಅಂಥ ಬಹಳಷ್ಟು ರೀಲುಗಳಿಗೆ ಉಪ್ಪು ತಡೆಯುವ ಸೀಲೂ ಇಲ್ಲ.

ಕಾಣೆಯಂಥ ಸಣ್ಣ ಮೀನಿಗೆ 2500 ಇಲ್ಲೂ ಸಾಕು. ಚೊಣಕ್ (ಬ್ಯಾರಮುಂಡಿ ಮೀನು) ಹಿಡಿಯುವವರು 4000 ಅಳತೆಗೇ ಹೋಗಲಿ, 20ರಿಂದ 30 ಪೌಂಡಿನ ಹೆಣೆದ ದಾರ ಹಾಕಲಿ. ಚೊಣಕ್ ಗಾಳ ತಾಗಿದೊಡನೆ ಕಾಂಡ್ಲಾ (ಮ್ಯಾಂಗ್ರೋವ್) ಬೇರಿಗೋ ಸೇತುವೆಯ ಕಂಬಕ್ಕೋ ನುಗ್ಗುತ್ತದೆ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. (ಕುಂಭಾರ್ಜುವೆ ಕಾಲುವೆಯ ದಡಕ್ಕೆ ಹೋಗುವವರಿಗೆ ಮೊಸಳೆಯ ಎಚ್ಚರವೂ ಇರಲಿ.)

ಅಂಗಡಿಯಲ್ಲಿ ನೋಡಬೇಕಾದದ್ದು ರೋಲರ್. ದಾರವನ್ನು ರೀಲಿಗೆ ಹಾಯಿಸುವ ಬಾಗಿದ ಬೇಲ್ ತಂತಿಯ ತುದಿಯಲ್ಲಿ ದಾರ ತಿರುಗುವ ಕಡಲೆಕಾಳಿನಷ್ಟು ದಪ್ಪದ ಚಕ್ರ ಅದು. ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು, ದಾರ ಹಾಯಿಸಿ ಸ್ವಲ್ಪ ಬಿಗಿಯಾಗಿ ಎಳೆಯಿರಿ. ಚುಕ್ಕೆ ಸುತ್ತಬೇಕು. ನಿಂತಲ್ಲೇ ನಿಂತು ದಾರ ಮಾತ್ರ ಉಜ್ಜಿಕೊಂಡು ಹೋದರೆ ರೀಲು ವಾಪಸ್ ಕೊಡಿ. ಒದ್ದೆ ದಾರ ಹಿಂಡುವುದು ಈ ಚಕ್ರದ ಮೇಲೆಯೇ, ಆದ್ದರಿಂದ ಉಪ್ಪು, ಸಣ್ಣ ಮರಳು ಮೊದಲು ಸೇರುವುದೂ ಇದರ ಬೇರಿಂಗಿಗೆ. ಅದು ಕಚ್ಚಿಕೊಂಡರೆ ಹೆಣೆದ ದಾರ ಲೋಹವನ್ನೇ ಗೀರಿ ಕಾಲುವೆ ತೋಡುತ್ತದೆ, ಆಮೇಲೆ ಆ ಕಾಲುವೆ ದಾರವನ್ನು ಕೊಯ್ಯುತ್ತದೆ. ಹಳೆಯ ರೀಲಾದರೆ ಕಿವಿಯ ಹತ್ತಿಕಡ್ಡಿಯಿಂದ ಚಕ್ರವನ್ನೊಮ್ಮೆ ಸವರಿ. ಹತ್ತಿಯ ಒಂದು ಎಳೆ ಸಿಕ್ಕಿಕೊಂಡರೂ ಗೀರು ಬಿದ್ದಿದೆ ಎಂದೇ ಲೆಕ್ಕ, ಚಕ್ರ ಬದಲಿಸಬೇಕು.

ಡ್ರ್ಯಾಗನ್ನು ಬೆರಳಿನಿಂದ ಅಂದಾಜು ಮಾಡುವ ಅಭ್ಯಾಸ ಬಿಡಬೇಕು. ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿ ಸಾಕು. ದಾರವನ್ನು ಕೋಲಿನ ಬಳೆಗಳಲ್ಲಿ ಹಾಯಿಸಿ, ತುದಿಯನ್ನು ತಕ್ಕಡಿಗೆ ಕಟ್ಟಿ, ಕೋಲು ಓರೆಯಾಗಿ ಹಿಡಿದು ನಿಧಾನವಾಗಿ ಎಳೆಯಿರಿ. ದಾರದ ತಾಕತ್ತಿನ ಕಾಲುಭಾಗಕ್ಕೆ ದಾರ ಸುತ್ತಿದ ಸ್ಪೂಲ್ ಜಾರಬೇಕು: ಹತ್ತು ಪೌಂಡ್ ಎಂದರೆ ನಾಲ್ಕೂವರೆ ಕಿಲೋ, ಅದಕ್ಕೆ ಸುಮಾರು 1.1 ಕಿಲೋ. 20 ಪೌಂಡಿಗೆ ಎರಡೂಕಾಲು. ತಕ್ಕಡಿಯ ಮುಳ್ಳು ಮೊದಲ ಎಳೆತಕ್ಕೆ ಎರಡು ತೋರಿಸಿ, ಜಾರತೊಡಗಿದ ಮೇಲೆ ಒಂದಕ್ಕೆ ಬೀಳುತ್ತದೆಯೇ? ಹಾಗಾದರೆ ಡ್ರ್ಯಾಗಿನ ವಾಷರ್ ಅಂಟಿಕೊಂಡಿದೆ. ಮೀನು ದಾರ ಕಡಿದುಕೊಂಡು ಹೋಗುವುದು ಆ ಮೊದಲ ಎಳೆತದಲ್ಲೇ. ಡ್ರ್ಯಾಗ್ ಬಿಗಿ ಮಾಡಿಯೇ ರೀಲನ್ನು ಕಪಾಟಿನಲ್ಲಿಟ್ಟರೆ ಫೆಲ್ಟ್ ವಾಷರ್ ಚಪ್ಪಟೆಯಾಗಿ ಹೀಗಾಗುತ್ತದೆ.

ದಾರ ತುಂಬುವಾಗ ಸ್ಪೂಲಿನ ಅಂಚಿಗೆ 2-3 ಮಿಲಿಮೀಟರ್ ಬಾಕಿ ಇರಲಿ. ಕಂಠಮಟ್ಟ ತುಂಬಿದರೆ ಎಸೆದಾಗ ಸುರುಳಿಗಳು ಒಟ್ಟಿಗೆ ಹಾರಿ ಹಕ್ಕಿಗೂಡಾಗುತ್ತದೆ, ಕಡಿಮೆಯಾದರೆ ಎಸೆತ ಕುಗ್ಗುತ್ತದೆ. ಹೆಣೆದ ದಾರವನ್ನು ಬರೀ ಲೋಹಕ್ಕೆ ಸುತ್ತಿದರೆ ಇಡೀ ಸುತ್ತೇ ಒಳಗೆ ಜಾರುತ್ತದೆ. ತಳಕ್ಕೆ ಹತ್ತಿಪ್ಪತ್ತು ಸುತ್ತು ನೈಲಾನ್ ತಂಗೂಸು ಹಾಕಿ. ಸ್ಪೂಲ್ ತೆಗೆದಾಗ ಅದರ ಕೆಳಗಿನ ತೆಳ್ಳನೆ ಬಿಲ್ಲೆಗಳನ್ನು ಎಣಿಸಿಟ್ಟುಕೊಳ್ಳಿ. ದಾರ ಮುಂದಿನ ಅಂಚಿಗೆ ಗುಡ್ಡೆಯಾಗುತ್ತಿದ್ದರೆ ಒಂದು ಬಿಲ್ಲೆ ಸೇರಿಸಬೇಕು, ಹಿಂದಕ್ಕೆ ಗುಡ್ಡೆಯಾದರೆ ಒಂದು ತೆಗೆಯಬೇಕು.

ಇನ್ನು ನುಲುಚು, ಅಂದರೆ ದಾರ ಹುರಿಯಂತೆ ತಿರುಚಿಕೊಳ್ಳುವುದು. ಮೀನು ಎಳೆಯುತ್ತ ಡ್ರ್ಯಾಗ್ ಕಿರ್ರೆನ್ನುತ್ತಿರುವಾಗ ಹ್ಯಾಂಡಲ್ ತಿರುಗಿಸುವವರೇ ಜಾಸ್ತಿ. ದಾರ ಒಳಗೆ ಬರುವುದಿಲ್ಲ, ಒಂದೊಂದು ಸುತ್ತಿಗೂ ಐದೈದು ನುಲುಚು ಮಾತ್ರ ಬೀಳುತ್ತವೆ. ಕೋಲು ಮೇಲೆತ್ತಿ, ಇಳಿಸುವಾಗ ಸುತ್ತಿಕೊಳ್ಳಿ. ಎಸೆದ ಮೇಲೆ ಬೇಲ್ ತಂತಿಯನ್ನು ಕೈಯಿಂದಲೇ ಮುಚ್ಚಿ.

ತೊಳೆಯುವುದು ಮನೆಗೆ ಬಂದ ಕೂಡಲೇ, ನಾಳೆಗೆ ಬಿಡಬೇಡಿ. ಬೇಸಿಗೆಯಲ್ಲಿ ಉಪ್ಪುನೀರು ನದಿಯೊಳಗೆ ಬಹಳ ದೂರ ಏರುತ್ತದೆ, ಹಾಗಾಗಿ ‘ಬೋರಿ ಸೇತುವೆಯ ಹತ್ತಿರ ಕೂತಿದ್ದೆ, ಸಮುದ್ರಕ್ಕೆ ಹೋಗಿರಲಿಲ್ಲ’ ಎನ್ನುವ ಸಬೂಬು ನಡೆಯುವುದಿಲ್ಲ. ಮೊದಲು ಡ್ರ್ಯಾಗ್ ಗುಬಟನ್ನು ಪೂರ್ತಿ ಬಿಗಿ ಮಾಡಿ, ನೀರು ವಾಷರಿಗೆ ಇಳಿಯಬಾರದು. ಗಿಡಕ್ಕೆ ಚಿಮುಕಿಸುವಷ್ಟು ಮೆಲ್ಲಗೆ ನಲ್ಲಿ ನೀರು ಬಿಡಿ, ರೋಲರಿನ ಮೇಲೆ ಹೆಚ್ಚು ಹೊತ್ತು. ಬಕೆಟ್ಟಿನಲ್ಲಿ ಮುಳುಗಿಸುವುದು, ಕಾರು ತೊಳೆಯುವ ಪೈಪಿನಿಂದ ಹೊಡೆಯುವುದು ಎರಡೂ ತಪ್ಪು. ಹೊರಗಿದ್ದ ಉಪ್ಪನ್ನು ಗೇರಿನೊಳಕ್ಕೆ ದೂಡಿದ ಹಾಗೆ. ಒದರಿ, ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಸಡಿಲಿಸಿ ನೆರಳಿನಲ್ಲಿ ರಾತ್ರಿಯಿಡೀ ಬಿಡಿ.

ಎರಡು-ಮೂರು ಸಲ ಬಳಸಿದ ಮೇಲೆ ರೋಲರಿಗೆ, ಹ್ಯಾಂಡಲಿನ ಗುಂಡಿಗೆ, ಬೇಲ್ ತಿರುಗುವ ಕೀಲಿಗೆ ಒಂದೊಂದೇ ಹನಿ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗಿನ ಜಾವ ಗೋವಾದಲ್ಲೂ ಅಷ್ಟು ತಂಪಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಒಳಗಿನ ಗ್ರೀಸನ್ನೇ ತೊಳೆದುಬಿಡುತ್ತದೆ. ವರ್ಷಕ್ಕೊಮ್ಮೆ ಪಕ್ಕದ ಮುಚ್ಚಳ ಬಿಚ್ಚಿ ಹಳೆ ಗ್ರೀಸು ಒರೆಸಿ, ಗೇರಿನ ಹಲ್ಲುಗಳಿಗೆ ಹೊಸದನ್ನು ತೆಳ್ಳಗೆ ಬಳಿಯಬೇಕು. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಜೋಡಿಸುವಾಗ ತಿರುಪು ಉಳಿಯುವುದಿಲ್ಲ.

ಹ್ಯಾಂಡಲ್ ಹಿಂದಕ್ಕೆ ತಿರುಗುತ್ತದೆ, ರೀಲು ಸತ್ತಿತು ಎಂದು ಗುಜರಿಗೆ ಹಾಕುವವರಿಗೆ ಒಂದು ಮಾತು. ಹೆಚ್ಚಿನ ಸಲ ಅದು ನಾವೇ ಮಾಡಿಕೊಂಡ ಕೆಲಸ. ರೋಟರಿನ ಕೆಳಗೆ ಒಂದೇ ದಿಕ್ಕಿಗೆ ಬಿಡುವ ಕ್ಲಚ್ ಇದೆ. ಅದರ ಸಣ್ಣ ಉರುಳೆಗಳಿಗೆ ಗ್ರೀಸು ಸೇರಿದರೆ ಹಿಡಿತ ತಪ್ಪುತ್ತದೆ. ಕ್ಲಚ್ಚನ್ನು ಇಡಿಯಾಗಿ ಹೊರತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಪೂರಾ ಒಣಗಿಸಿ, ಸೂಜಿಮೊನೆಯಷ್ಟು ತೆಳು ಎಣ್ಣೆ ತಾಗಿಸಿ ಹಿಂದಕ್ಕೆ ಕೂರಿಸಿದರೆ ಸರಿಹೋಗುತ್ತದೆ. ಕ್ಲಚ್ಚನ್ನೇ ಬಿಡಿಬಿಡಿ ಮಾಡಲು ಹೋಗಬೇಡಿ. ಒಳಗಿನ ಸ್ಪ್ರಿಂಗುಗಳು ಕೂದಲೆಳೆಯಷ್ಟಿವೆ, ಹಾರಿದರೆ ಸಿಗುವುದಿಲ್ಲ.

ಜೂನ್-ಜುಲೈ ಮಳೆಗೆ ರೀಲು ಎತ್ತಿಡುವವರು ಡ್ರ್ಯಾಗ್ ಸಡಿಲಿಸಿ ಹತ್ತಿಬಟ್ಟೆಯ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ಕಟ್ಟಿಡಬೇಡಿ. ಹದಿನೈದು ದಿನಕ್ಕೊಮ್ಮೆ ತೆಗೆದು ಹ್ಯಾಂಡಲನ್ನು ನಾಲ್ಕು ಸುತ್ತು ತಿರುಗಿಸಿ. ಮರಳು ಅರೆದಂಥ ಸದ್ದು ಕೇಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತಿದೆ, ಆಗಲೇ ಬಿಚ್ಚಿ.

ಇಂತಿ,
ಓದುಗ,
ವಾಸ್ಕೊ ಡ ಗಾಮಾ, ಗೋವಾ