ಬಂದೂಕು ರಿಪೇರಿಯವರಿಗೆ ಒಂದು ನಮಸ್ಕಾರ

ಹಳೇ ಲೀ-ಎನ್‌ಫೀಲ್ಡ್ ರೈಫಲ್. ಲೈಸೆನ್ಸ್ ಪುಸ್ತಕದಲ್ಲಿ ನಳಿಗೆಯ ಅಳತೆ .303, ತೋಟಾ ತುಂಬುವ ಮ್ಯಾಗಜಿನ್ ಜಾಗದಲ್ಲಿ ಮಾತ್ರ ಮರದ ತುಂಡು! ನವೀಕರಣದ ಅರ್ಜಿಯಲ್ಲಿ ಏನಂತ ಬರೆಯೋದು?

ತುಮಕೂರಿನ ಬಂದೂಕು ರಿಪೇರಿಯ ಹಿರಿಯರು ಮೊದಲು ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಸರಳು) ತೆಗೆದು, ಕಿರುಬೆರಳಿಟ್ಟು, ತೋಟಾ ಕೂರುವ ಚೇಂಬರ್ ಖಾಲಿ ಅಂತ ಖಚಿತ ಮಾಡಿಕೊಂಡರು. ಹಿಂದೆ ಬಿಳಿ ಕಾಗದ ಹಿಡಿದು ನಳಿಗೆಯೊಳಗೆ ನೋಡಿದರು: ಸುರುಳಿ ಗೀರಿಲ್ಲ, ಕೊಳವೆಯಂತೆ ನುಣುಪು. "ಇದು ಇಷಾಪುರದ ಬಂದೂಕು ಕಾರ್ಖಾನೆಯಲ್ಲಿ .303ರಿಂದ .410ಕ್ಕೆ ಬದಲಾಯಿಸಿದ್ದು ಸ್ವಾಮಿ, ಒಂದು ಸಲಕ್ಕೆ ಒಂದೇ ತೋಟಾ." ಮರದ ಹಿಡಿ ಸೇರುವ ಲೋಹದ ಸಾಕೆಟ್ ಮೇಲಿನ 'III' ಮೂಲ ಮಾದರಿಯದಷ್ಟೇ, 1907ರದು, ಅದನ್ನೇ ನಂಬಿದರೆ ಎಡವಟ್ಟು.

ಬೋಲ್ಟ್ ಹಿಡಿಯ ನಂಬರ್, ಬೋಲ್ಟ್ ಕೂರುವ ರಿಸೀವರ್‌ನ ನಂಬರ್ ಬೇರೆಬೇರೆ. ರಿಪೇರಿಯಲ್ಲಿ ಬೋಲ್ಟ್ ಬದಲಾಗಿರಬೇಕು, ಬೋಲ್ಟ್ ಸರಿಯಾದ ಅಂತರದಲ್ಲಿ ಕೂರುತ್ತದೆಯೇ ಎಂದು ಅಳೆಯುವ ಹೆಡ್‌ಸ್ಪೇಸ್ ಗೇಜ್ ಹಾಕದೆ ಹಾರಿಸಬೇಡಿ ಅಂದರು. ಎರಡೂ ನಂಬರ್ ಚೀಟಿಯಲ್ಲಿ ಬರೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಅರ್ಜಿಗೆ ಆ ಚೀಟಿಯೇ ಆಧಾರವಾಯಿತು.