ಸಂಶೋಧನಾರ್ಥಿಗಳ ಪ್ರತಿನಿಧಿಯನ್ನು ಸಂಶೋಧನಾರ್ಥಿಗಳೇ ಆರಿಸಲಿ

ಮಾನ್ಯ ಸಂಪಾದಕರೇ,

ಕಳೆದ ಶ್ರಾವಣದಲ್ಲಿ ನಾವು ಹದಿನೇಳು ಮಂದಿ ಸಂಶೋಧನಾರ್ಥಿಗಳು ಒಂದು ಮನವಿ ಪತ್ರಕ್ಕೆ ಸಹಿ ಹಾಕಿದೆವು. ಸಾಲಾಗಿ ಅಲ್ಲ, ದುಂಡಗೆ. ಹಾಳೆಯ ಕೆಳಭಾಗದಲ್ಲಿ ಟಿಫಿನ್ ಡಬ್ಬಿಯ ಮುಚ್ಚಳ ಇಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು, ಅದರ ಸುತ್ತ ಒಬ್ಬೊಬ್ಬರೇ ಹೆಸರು ಬರೆದೆವು. ಮೊದಲ ಹೆಸರು ಯಾರದಿದೆಯೋ ಅವರೇ ಮುಂದಾಳು ಎಂದು ಎಣಿಸುತ್ತಾರೆ, ನಾಳೆ ಅವರ ಪ್ರಗತಿ ವರದಿಗೆ ಸಹಿ ಬೀಳುವುದು ತಡವಾಗುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಟಪಾಲು ವಿಭಾಗದ ಗುಮಾಸ್ತರು ಹಾಳೆಯನ್ನು ಒಂದು ಸುತ್ತು ತಿರುಗಿಸಿ ನೋಡಿ, ‘ಇದರಲ್ಲಿ ಮೊದಲನೆಯವರು ಯಾರಮ್ಮ? ಉತ್ತರ ಯಾರ ಹೆಸರಿಗೆ ಕಳಿಸೋದು?’ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಉತ್ತರ ಇರಲಿಲ್ಲ.

ನಾನು ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಶಾಸನಗಳ ಮೇಲೆ ಪಿಎಚ್.ಡಿ ಮಾಡುತ್ತಿದ್ದೇನೆ. ವಯಸ್ಸು 36. ವಾರಕ್ಕೆ ನಾಲ್ಕು ದಿನ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತೇನೆ, ಮನೆಯಲ್ಲಿ ಏಳು ವರ್ಷದ ಮಗಳಿದ್ದಾಳೆ. ಆ ಮನವಿಯಲ್ಲಿ ನಾವು ಕೇಳಿದ್ದು ದೊಡ್ಡದೇನಲ್ಲ. ಒಂದೇ ವರ್ಷದಲ್ಲಿ ವಿಭಾಗದ ಇಬ್ಬರು ಪ್ರಾಧ್ಯಾಪಕರು ನಿವೃತ್ತರಾದರು. ಅವರ ಕೈಕೆಳಗಿದ್ದ ಐವರಿಗೆ ಗೈಡ್ ಇಲ್ಲದಂತಾಯಿತು, ಅವರಲ್ಲಿ ನಾನೂ ಒಬ್ಬಳು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ವಿಭಾಗದಲ್ಲಿ ಉಳಿದವರ ಬಳಿ ಜಾಗ ತುಂಬಿತ್ತು. ಪಕ್ಕದ ವಿಭಾಗದವರನ್ನು ಗೈಡ್ ಆಗಿ ಕೊಡಿ ಎಂಬುದಷ್ಟೇ ನಮ್ಮ ಕೋರಿಕೆ. ಕಡತ ಏಳು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿತು. ಆ ಏಳು ತಿಂಗಳೂ ನಮ್ಮ ನೋಂದಣಿಯ ಅವಧಿಯಲ್ಲಿ ಕಳೆದೇ ಹೋದವು.

ಕೊನೆಗೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಯ ಮುಂದೆ ಹೋದೆ. ಯುಜಿಸಿಯ 2023ರ ನಿಯಮಾವಳಿಯಂತೆ ಅಲ್ಲಿ ಪ್ರಾಧ್ಯಾಪಕರೇ ಸದಸ್ಯರು. ವಿದ್ಯಾರ್ಥಿಗಳ ಪರವಾಗಿ ಒಬ್ಬರಿರುತ್ತಾರೆ, ಆದರೆ ಅವರು ವಿಶೇಷ ಆಹ್ವಾನಿತರು. ಓದಿನಲ್ಲೋ ಆಟದಲ್ಲೋ ಮುಂದಿರುವವರನ್ನು ನೋಡಿ ನಾಮನಿರ್ದೇಶನ ಮಾಡುತ್ತಾರೆ. ಅವತ್ತು ಬಂದಿದ್ದವಳು ಎಂ.ಎಸ್ಸಿ ಕೊನೆಯ ವರ್ಷದ ಹುಡುಗಿ, ಬಹಳ ಒಳ್ಳೆಯ ಮಗು. ನಾನು ‘ಸಂಶೋಧನಾ ಸಲಹಾ ಸಮಿತಿ ಎರಡು ಸೆಮಿಸ್ಟರ್‌ನಿಂದ ಸೇರಿಲ್ಲ’ ಎಂದಾಗ ಅದು ಪ್ರತಿ ಸೆಮಿಸ್ಟರ್ ನಮ್ಮ ಪ್ರಗತಿ ನೋಡುವ ಸಮಿತಿ ಎಂಬುದು ಅವಳಿಗೆ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, ‘ಅಕ್ಕ, ನನ್ನನ್ನ ಯಾಕೆ ಕರೆದ್ರೋ ಗೊತ್ತಿಲ್ಲ, ನೀವು ಹೇಳಿದ್ದು ಸರಿ ಅನ್ನಿಸ್ತು’ ಅಂದಳು. ತಪ್ಪು ಅವಳದಲ್ಲ. ಎರಡು ವರ್ಷ ತರಗತಿಯಲ್ಲಿ ಕೂತು ಪರೀಕ್ಷೆ ಬರೆದು ಹೋಗುವವರ ಕಷ್ಟ ಬೇರೆ, ಐದಾರು ವರ್ಷ ಒಬ್ಬರೇ ಗೈಡ್‌ನ ಸಹಿಯನ್ನು ನಂಬಿ ಬದುಕುವವರ ಕಷ್ಟ ಬೇರೆ. ರಸಾಯನಶಾಸ್ತ್ರದ ನನ್ನ ಗೆಳತಿಗೆ ಬೇಕಾದದ್ದು ರಾತ್ರಿ ಎಂಟರವರೆಗೆ ಲ್ಯಾಬ್ ತೆರೆದಿರುವುದು, ಬಸ್ ನಿಲ್ದಾಣದವರೆಗೆ ದಾರಿದೀಪ ಇರುವುದು. ನನಗೆ ಬೇಕಾದದ್ದು ಪತ್ರಾಗಾರಕ್ಕೆ ತೋರಿಸಲು ಒಂದು ಪರಿಚಯ ಪತ್ರ. ಹಾಸ್ಟೆಲಿನಲ್ಲಿರುವ ತಮ್ಮನಂಥ ಹುಡುಗನೊಬ್ಬನಿಗೆ ಎಂಟು ತಿಂಗಳ ಫೆಲೋಶಿಪ್ ಬಾಕಿ. ಮೆಸ್ ಬಿಲ್ ಕಟ್ಟಲು ಅವನು ಭಾನುವಾರಗಳಂದು ಊಟ ತಲುಪಿಸುವ ಕೆಲಸಕ್ಕೆ ಹೋಗುತ್ತಿದ್ದ. ಇದನ್ನೆಲ್ಲ ಸಭೆಯಲ್ಲಿ ಕೂತು, ಹೆದರದೆ, ನಮ್ಮೆಲ್ಲರ ಪರವಾಗಿ ಹೇಳುವ ಒಬ್ಬರು ಬೇಕು. ಅವರನ್ನು ನಾವೇ ಮತ ಹಾಕಿ ಆರಿಸಬೇಕು.

ಚುನಾವಣೆ ಎಂದೊಡನೆ ಹಿರಿಯ ಪ್ರಾಧ್ಯಾಪಕರು ಬೆಚ್ಚುತ್ತಾರೆ. ಕರ್ನಾಟಕದ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕಗಳು ದಾಟಿವೆ. ಆಗ ಗಲಾಟೆ, ಹೊಡೆದಾಟ, ಪಕ್ಷಗಳ ಕೈವಾಡ ಇದ್ದದ್ದು ನಿಜ. ತುಮಕೂರಿನಲ್ಲಿ ಓದಿದ ನಮ್ಮ ಅಪ್ಪ ಅದನ್ನು ಕಣ್ಣಾರೆ ಕಂಡವರು, ಅವರಿಗೂ ಈ ವಿಚಾರದಲ್ಲಿ ಅಳುಕಿದೆ. ಆದರೆ ನಾನು ಕೇಳುತ್ತಿರುವುದು ಆ ಚುನಾವಣೆಯನ್ನಲ್ಲ. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾರ್ಥಿ ಮಂಡಳಿ ಇದೆ, ಅದರ ಪ್ರತಿನಿಧಿಗಳನ್ನು ವಿದ್ಯಾರ್ಥಿಗಳೇ ಆರಿಸುತ್ತಾರೆ. ನಮ್ಮ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗೆನ್ ವಿಶ್ವವಿದ್ಯಾಲಯವಿರುವ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, 2018ರಲ್ಲಿ ಕಾನೂನು ತಿದ್ದಿ ಡಾಕ್ಟರೇಟ್ ಅಭ್ಯರ್ಥಿಗಳನ್ನು ವಿದ್ಯಾರ್ಥಿಗಳಿಂದಲೂ ಅಧ್ಯಾಪಕರಿಂದಲೂ ಬೇರೆಯಾದ ಒಂದು ವರ್ಗವೆಂದೇ ಗುರುತಿಸಿದ್ದಾರೆ.

ಅಷ್ಟು ದೂರ ಹೋಗುವುದೂ ಬೇಡ. ಲೈಂಗಿಕ ಕಿರುಕುಳ ತಡೆ ಕುರಿತ ಯುಜಿಸಿಯ 2015ರ ನಿಯಮಾವಳಿಯನ್ನು ತೆಗೆದು ನೋಡಿ. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಆಂತರಿಕ ದೂರು ಸಮಿತಿಯಲ್ಲಿ ಪದವಿ, ಸ್ನಾತಕೋತ್ತರ ಮತ್ತು ಸಂಶೋಧನಾ ಹಂತದಿಂದ ಒಬ್ಬೊಬ್ಬರಂತೆ ಮೂವರು ವಿದ್ಯಾರ್ಥಿಗಳಿರಬೇಕು, ಅವರು ಪಾರದರ್ಶಕವಾದ ಪ್ರಜಾಸತ್ತಾತ್ಮಕ ವಿಧಾನದಲ್ಲಿ ಆಯ್ಕೆಯಾಗಿರಬೇಕು ಎಂದು ಅದರಲ್ಲಿದೆ. ಅಂದರೆ ಸಂಶೋಧನಾರ್ಥಿಗಳ ಚುನಾಯಿತ ಪ್ರತಿನಿಧಿಗೆ ಒಂದು ಸ್ಥಾನ ಈಗಾಗಲೇ ಇದೆ. ನಾನು ಸೇರಿ ನಾಲ್ಕೂವರೆ ವರ್ಷವಾಯಿತು, ಆ ಸ್ಥಾನಕ್ಕೆ ಮತದಾನ ನಡೆದದ್ದನ್ನು ಒಮ್ಮೆಯೂ ಕಂಡಿಲ್ಲ. ಸಮಿತಿಯಲ್ಲಿರುವ ಸಂಶೋಧನಾರ್ಥಿ ಯಾರೆಂದು ಕೇಳಿದರೆ ನನ್ನ ಜೊತೆಯವರಲ್ಲಿ ಯಾರಿಗೂ ಗೊತ್ತಿಲ್ಲ. ಗೈಡ್‌ನ ಕೋಣೆಯಲ್ಲಿ ತೊಂದರೆಯಾದ ಹುಡುಗಿ ಮೊದಲು ಯಾರ ಹತ್ತಿರ ಹೋಗಬೇಕು? ಈ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ.

ಇನ್ನೊಂದು ಅಡ್ಡಿಯನ್ನೂ ಹೇಳಿಬಿಡುತ್ತೇನೆ. ಚುನಾವಣೆಗೆ ಎಲ್ಲರೂ ಆಧಾರವಾಗಿ ಹಿಡಿಯುವುದು ವಿದ್ಯಾರ್ಥಿ ಸಂಘಗಳ ಚುನಾವಣೆ ಹೇಗಿರಬೇಕೆಂದು ಹೇಳಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು. 2006ರಲ್ಲಿ ಸುಪ್ರೀಂ ಕೋರ್ಟ್ ಅವುಗಳನ್ನು ಜಾರಿಗೊಳಿಸಲು ಹೇಳಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಅಚ್ಚು ಹಾಕಿಸಿದ ಪೋಸ್ಟರ್ ಕೂಡದು. ಇವೆಲ್ಲ ಒಳ್ಳೆಯ ಮಾತುಗಳು. ಆದರೆ ಸಂಶೋಧನಾ ವಿದ್ಯಾರ್ಥಿ ಸ್ಪರ್ಧಿಸಲು ಗರಿಷ್ಠ ವಯಸ್ಸು 28 ಎಂದಿದೆ. ಯುಜಿಸಿಯ 2022ರ ಪಿಎಚ್.ಡಿ ನಿಯಮಗಳು ಮಹಿಳೆಯರಿಗೆ ಒಟ್ಟು ಹತ್ತು ವರ್ಷದವರೆಗೆ ಅವಕಾಶ ಕೊಡುತ್ತವೆ, 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಕೊಡುತ್ತವೆ, ಕೆಲಸದಲ್ಲಿರುವವರು ಅರೆಕಾಲಿಕವಾಗಿ ಸೇರಲು ಬಿಡುತ್ತವೆ. ನಮ್ಮ ವಿಭಾಗದಲ್ಲಿ 28 ದಾಟದವರು ನಾಲ್ಕೇ ಮಂದಿ. ನಾನು ಓದುವ ಶಾಸನಗಳ ಲೋಕದ್ದೇ ಒಂದು ಮಾತು: ಹತ್ತನೇ ಶತಮಾನದ, ತಮಿಳುನಾಡಿನ ಉತ್ತರಮೇರೂರಿನ ಶಾಸನದಲ್ಲಿ ಊರ ಸಭೆಯ ಸಮಿತಿಗೆ ಬರುವವರಿಗೆ 35 ತುಂಬಿರಬೇಕು ಎಂದಿದೆ, ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರನ್ನು ಹೊರಗಿಟ್ಟಿದೆ. ಅದು ಆಸ್ತಿಯುಳ್ಳ ಗಂಡಸರ ಸಭೆ, ನಮಗೆ ಮಾದರಿಯಲ್ಲ. ಆದರೂ ಬದುಕು ಕಂಡವರಿಗೆ ಅಲ್ಲಿ ಬಾಗಿಲು ಮುಚ್ಚಿರಲಿಲ್ಲ. ಸಂಶೋಧನಾರ್ಥಿಗಳ ಮಟ್ಟಿಗೆ ಈ ವಯೋಮಿತಿಯನ್ನು ತೆಗೆಯುವಂತೆ ಸರ್ಕಾರ ಪ್ರಯತ್ನಿಸಬೇಕು.

ನಾವು ಒಂದೆಡೆ ಸಿಗುವವರಲ್ಲ. ಒಬ್ಬರು ಕ್ಷೇತ್ರಕಾರ್ಯದಲ್ಲಿ, ಒಬ್ಬರು ಲ್ಯಾಬಿನಲ್ಲಿ, ನನ್ನಂಥವರು ಬೇರೆ ಕಾಲೇಜಿನಲ್ಲಿ. ಆದರೆ ಪ್ರತಿ ಸೆಮಿಸ್ಟರ್ ಪ್ರಗತಿ ವರದಿ ಒಪ್ಪಿಸಲು ಎಲ್ಲರೂ ಬಂದೇ ಬರಬೇಕು. ಆ ವಾರದಲ್ಲೇ ಮತದಾನ ಇಡಬಹುದು. ಪಿಎಚ್.ಡಿ ವಿಭಾಗದ ನೋಂದಣಿ ಪುಸ್ತಕವೇ ಮತದಾರರ ಪಟ್ಟಿಯಾಗಲಿ. ವಿಜ್ಞಾನಕ್ಕೊಬ್ಬರು, ಕಲೆ ಮತ್ತು ವಾಣಿಜ್ಯಕ್ಕೊಬ್ಬರು, ಅರೆಕಾಲಿಕರಿಗೊಬ್ಬರು ಇರಲಿ. ಮೂವರಲ್ಲಿ ಒಬ್ಬರಾದರೂ ಹೆಣ್ಣುಮಗಳಾಗಿರಲಿ. ಗೆದ್ದವರ ಸಂಶೋಧನಾ ಸಲಹಾ ಸಮಿತಿಯಲ್ಲಿ ಆ ವರ್ಷ ಬೇರೆ ವಿಭಾಗದ ಪ್ರಾಧ್ಯಾಪಕರೊಬ್ಬರು ಕೂರಲಿ. ಇದು ಬಹಳ ಮುಖ್ಯ. ಇಲ್ಲದಿದ್ದರೆ ಗೈಡ್ ಮುನಿಸಿಕೊಂಡಾರೆಂದು ಯಾರೂ ನಿಲ್ಲುವುದಿಲ್ಲ.

ನನ್ನ ಈಗಿನ ಗೈಡ್ ಒಳ್ಳೆಯವರು. ಈ ಪತ್ರದ ಕರಡನ್ನು ಓದಿ, ‘ಕಳಿಸಮ್ಮ’ ಎಂದರು. ಮುಂದಿನ ವರ್ಷ ಪ್ರಬಂಧ ಒಪ್ಪಿಸುತ್ತೇನೆ, ಆಮೇಲೆ ಮತ ಹಾಕುವ ಹಕ್ಕು ನನಗಿರುವುದಿಲ್ಲ. ಕೋರ್ಸ್‌ವರ್ಕಿಗೆ ಈ ವರ್ಷ ಹನ್ನೊಂದು ಮಂದಿ ಹೊಸಬರು ಸೇರಿದ್ದಾರೆ. ಅವರ ಮೊದಲ ಪ್ರಗತಿ ವರದಿಯ ವಾರದಲ್ಲಿ, ಕನಿಷ್ಠ ಆಂತರಿಕ ದೂರು ಸಮಿತಿಯ ಆ ಒಂದು ಸ್ಥಾನಕ್ಕಾದರೂ ಮತಪೆಟ್ಟಿಗೆ ಇಡಬೇಕೆಂದು ರಾಜ್ಯದ ಎಲ್ಲ ಕುಲಸಚಿವರನ್ನು ಕೈಮುಗಿದು ಕೇಳುತ್ತೇನೆ.

ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ.

– ಒಬ್ಬ ಸಂಶೋಧನಾರ್ಥಿನಿ, ಯಶವಂತಪುರ, ಬೆಂಗಳೂರು