ತೋಡಿನ ನೀರು ಅಂಗಳಕ್ಕೆ ತಿರುಗಿ ಬರುತ್ತಿದೆ: ಕೆಲಸ ಸರಿಪಡಿಸಿಕೊಡಿ

ಬೆಂಗಳೂರು
11-8-2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಬ್ರಹ್ಮಾವರ ತಾಲ್ಲೂಕಿನ ನಮ್ಮ ಮನೆಯಲ್ಲಿ ನೀವು ಮಾಡಿದ ಮಳೆನೀರು ಹೊರಹರಿವಿನ ಕೆಲಸ ವಿಫಲವಾಗಿರುವ ಬಗ್ಗೆ.

ಮಾನ್ಯರೇ,

ಸೀತಾ ನದಿಯ ಬಯಲಿನಲ್ಲಿರುವ ನಮ್ಮ ಹಳೆಯ ಹಂಚಿನ ಮನೆಯ ಸುತ್ತ ಮಳೆಗಾಲದಲ್ಲಿ ನೀರು ನಿಲ್ಲದಂತೆ ಮಾಡಿಕೊಡಲು ಫೆಬ್ರವರಿಯಲ್ಲಿ ನಿಮ್ಮ ಬೆಂಗಳೂರು ಕಚೇರಿಯಲ್ಲಿ ಕೆಲಸ ಒಪ್ಪಿಸಿದ್ದೆ. ಏಪ್ರಿಲ್ ಕೊನೆಗೆ ಕೆಲಸ ಮುಗಿಯಿತು. 3,85,000 ರೂಪಾಯಿಯನ್ನು ಒಂದು ಪೈಸೆ ಬಾಕಿ ಇಡದೆ ಕೊಟ್ಟಿದ್ದೇನೆ. ಈ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಎರಡು ಮೂರು ದಿನಗಳಲ್ಲಿ ನಮ್ಮೂರಿಗೂ ಹಿಡಿಯಿತು. ಅಂದಿನಿಂದ ಇಂದಿನವರೆಗೆ ಅಂಗಳ ಪೂರ್ತಿ ಒಣಗಿದ ಒಂದು ದಿನವನ್ನೂ ನನ್ನ ತಾಯಿ ಕಂಡಿಲ್ಲ. ಅವರಿಗೆ 76 ವರ್ಷ. ಆ ಮನೆಯಲ್ಲಿ ಅವರೊಬ್ಬರೇ ಇರುತ್ತಾರೆ.

ನಾನು ಮೂರು ಬಾರಿ ಫೋನ್ ಮಾಡಿದ ಮೇಲೆ ನಿಮ್ಮವರಿಂದ ಬಂದ ಉತ್ತರ, ಈ ಸಲದ ಮಳೆ ಅಸಾಮಾನ್ಯ ಎಂದು. ಇದನ್ನು ನಾನು ಒಪ್ಪುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದಕ್ಕಿಂತ ಹೆಚ್ಚು ಮಳೆ ನಮ್ಮೂರಿಗೆ ಜುಲೈ ಒಂದೇ ತಿಂಗಳಲ್ಲಿ ಬೀಳುವುದು ವಾಡಿಕೆ. ನಿಮ್ಮನ್ನು ಕರೆಸಿದ್ದೇ ಆ ಮಳೆಗಾಗಿ.

ಕೆಲಸದಲ್ಲಿ ಎಲ್ಲಿ ತಪ್ಪಾಗಿದೆ ಎಂದು ತಿಳಿಯಲು ಜುಲೈ ಕೊನೆಯಲ್ಲಿ ರಜೆ ಹಾಕಿ ಊರಿಗೆ ಹೋಗಿ, ಸ್ಥಳೀಯ ಮೇಸ್ತ್ರಿಯೊಬ್ಬರ ಜೊತೆ ನೀರು ತುಂಬಿದ ಪೈಪಿನಿಂದ ಮಟ್ಟ ಹಿಡಿದು ಅಳತೆ ತೆಗೆದೆ. ಮನೆಯ ಮೂಲೆಯಿಂದ ತೋಡಿನವರೆಗೆ, ಎಂದರೆ ಹೊಳೆ ಸೇರುವ ಸಣ್ಣ ಹಳ್ಳದವರೆಗೆ, 42 ಮೀಟರ್ ದೂರವಿದೆ. ಅಷ್ಟು ದೂರಕ್ಕೆ ನೆಲ ಇಳಿಯುವುದು ಬರೀ 25 ಸೆಂಟಿಮೀಟರ್. ಅಂಗಳದ ನೀರನ್ನು ತೋಡಿಗೆ ಬಿಡುವ ಪೈಪನ್ನು ನೀವು ಮನೆಯ ಹತ್ತಿರವೇ 45 ಸೆಂಟಿಮೀಟರ್ ಆಳದಲ್ಲಿ ಹೂತು, ಅಲ್ಲಿಂದ ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟಿದ್ದೀರಿ. ಹೀಗಾಗಿ ಪೈಪಿನ ಬಾಯಿ ತೋಡಿನ ದಂಡೆಗಿಂತ 62 ಸೆಂಟಿಮೀಟರ್ ಕೆಳಗೆ ಹೋಗಿ ನಿಂತಿದೆ. ಮಳೆಗಾಲದಲ್ಲಿ ತೋಡಿನ ನೀರು ದಂಡೆಯಿಂದ ಒಂದಡಿ ಕೆಳಗಿದ್ದರೆ ಅದು ನಮಗೆ ಒಳ್ಳೆಯ ದಿನ. ಆ ಒಳ್ಳೆಯ ದಿನದಲ್ಲೂ ನಿಮ್ಮ ಪೈಪಿನ ಬಾಯಿ ಒಂದಡಿ ನೀರಿನೊಳಗೆ ಮುಳುಗಿರುತ್ತದೆ.

ಉಬ್ಬರ ಬಂದಾಗ ಆಗುವುದು ಇನ್ನೂ ಕಷ್ಟದ್ದು. ನಮ್ಮ ತೋಡು ಸೇರುವುದು ಸಮುದ್ರದ ಏರಿಳಿತ ಮುಟ್ಟುವ ಹೊಳೆಗೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹೆಚ್ಚು ಏರುತ್ತದೆ. ಕಳೆದ ಜುಲೈ 24 ಅಮಾವಾಸ್ಯೆ. ಬೆಳಿಗ್ಗೆ ಸುರಿದ ಮಳೆ ಹನ್ನೊಂದರ ಹೊತ್ತಿಗೆ ಬಿಟ್ಟಿತ್ತು. ಮಳೆ ನಿಂತ ಮೇಲೆ ಅಂಗಳದ ನೀರು ಇಳಿಯಬೇಕಲ್ಲವೇ? ಅದು ಏರಿತು. ನೀವು ಹಾಕಿದ ಕಬ್ಬಿಣದ ಜಾಲರಿಯ ಕಣ್ಣುಗಳಿಂದ ಕೆಸರು ನೀರು ಉಕ್ಕಿ ತುಳಸಿಕಟ್ಟೆಯ ಮೊದಲ ಮೆಟ್ಟಿಲು ಮುಳುಗಿತು. ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಗಾ, ನೀರ್ ಹೋತಿಲ್ಲೆ, ತಿರ್ಗಿ ಬತ್ತಿತ್." ಮರುದಿನ ನಾನೇ ಅಲ್ಲಿದ್ದೆ. ಮಳೆಯಿಲ್ಲದಿದ್ದರೂ ಹಿಂದಿನ ದಿನಕ್ಕಿಂತ ಸುಮಾರು ಮುಕ್ಕಾಲು ಗಂಟೆ ತಡವಾಗಿ ಅದೇ ಜಾಲರಿಯಲ್ಲಿ ನೀರು ಉಕ್ಕಿತು. ಅದರ ಮರುದಿನ ಇನ್ನಷ್ಟು ತಡವಾಗಿ. ಮಳೆಗೆ ಇಂಥ ಲೆಕ್ಕ ಇರುವುದಿಲ್ಲ, ಉಬ್ಬರಕ್ಕೆ ಇರುತ್ತದೆ. ಮೂರೂ ದಿನದ ವಿಡಿಯೊಗಳನ್ನು, ಅಳತೆಯ ನಕ್ಷೆಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ದಯವಿಟ್ಟು ನಿಮ್ಮ ಎಂಜಿನಿಯರ್ ಅವುಗಳನ್ನು ಸಮಯ ಸಮೇತ ನೋಡಲಿ.

ನಮ್ಮ ಮನೆಯಲ್ಲಿ ಮೊದಲು ನೀರು ಹೇಗೆ ಹೋಗುತ್ತಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು. ಪಶ್ಚಿಮದ ಬದಿಯಲ್ಲಿ ಅಗಲವಾದ, ಆಳವಿಲ್ಲದ ಒಂದು ತೆರೆದ ಕಣಿ (ಕಾಲುವೆ) ಇತ್ತು. ಅದು ವಾಯವ್ಯ ಮೂಲೆಯ ತಗ್ಗಿಗೆ ಬಂದು ಸೇರುತ್ತಿತ್ತು. 30 ಅಡಿ ಉದ್ದ, 20 ಅಡಿ ಅಗಲ, ಎರಡಡಿ ಆಳದ ತಗ್ಗು ಅದು. ತಗ್ಗಿನಿಂದ ತೋಡಿಗೆ ಹೋಗುವ ಕಿಂಡಿಗೆ ಹಲಸಿನ ಹಲಗೆಯೊಂದಿತ್ತು. ಉಬ್ಬರ ಏರುವಾಗ ಅಪ್ಪ ಹಲಗೆ ಇಳಿಸುತ್ತಿದ್ದರು, ಇಳಿತ ಶುರುವಾದ ಕೂಡಲೇ ಎತ್ತುತ್ತಿದ್ದರು. ನಡುವಿನ ಆ ಕೆಲವು ಗಂಟೆ ಮನೆಯ ಸುತ್ತಲಿನ ನೀರೆಲ್ಲ ತಗ್ಗಿನಲ್ಲಿ ಕಾಯುತ್ತಿತ್ತು. ಸುಮಾರು 34 ಸಾವಿರ ಲೀಟರ್ ಹಿಡಿಯುತ್ತಿದ್ದ ಆ ಜಾಗವನ್ನು, ಸೊಳ್ಳೆಯಾಗುತ್ತದೆ ಎಂದು ಹೇಳಿ, ನೀವು ಕೆಂಪುಮಣ್ಣು ತುಂಬಿಸಿ ಮುಚ್ಚಿದಿರಿ. ಕಣಿಯ ಮೇಲೆ ಇಂಟರ್‌ಲಾಕ್ ಕೂರಿಸಿದಿರಿ. ಹಲಗೆಯನ್ನು ಕಿತ್ತು ಗೋಡೆಗೆ ಒರಗಿಸಿ ಹೋದಿರಿ. ಅಪ್ಪ ತೀರಿಕೊಂಡ ಮೇಲೆ ಹಲಗೆ ಎತ್ತಿ ಇಳಿಸಲು ಅಮ್ಮನಿಗೆ ಶಕ್ತಿ ಸಾಲದೆಂದೇ ನಾನು ನಿಮ್ಮ ಬಳಿ ಬಂದದ್ದು. ಹಲಗೆಯ ಜಾಗಕ್ಕೆ ತಾನಾಗಿಯೇ ಮುಚ್ಚಿ ತೆರೆಯುವ ಒಂದು ಬಾಗಿಲು ಬೇಕಿತ್ತು, ಅಷ್ಟೇ. ಇದನ್ನು ಅಮ್ಮ ನಿಮ್ಮ ಎಂಜಿನಿಯರ್‌ಗೆ ಹೇಳಿದ್ದರು. ಅವರು ಬಂದದ್ದು ಫೆಬ್ರವರಿಯಲ್ಲಿ. ತೋಡಿನಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಬಾವಿಯ ನೀರು 18 ಅಡಿ ಕೆಳಗಿತ್ತು. ಅಮ್ಮನ ಮಾತು ಅವರಿಗೆ ಹೆಚ್ಚಾಗಿ ಹೇಳಿದಂತೆ ಕೇಳಿಸಿರಬೇಕು.

ತಗ್ಗಿನ ಬದಲಿಗೆ ನೀವು ಕೊಟ್ಟದ್ದು ಎರಡು ಇಂಗುಗುಂಡಿ. ಬೆಂಗಳೂರಿನಲ್ಲಿ ಇಂಗುಗುಂಡಿ ಸರಿಯಾದ ಕೆಲಸವೇ. ನಾನು 22 ವರ್ಷದಿಂದ ವಿಜಯನಗರದಲ್ಲಿದ್ದೇನೆ, ನಮ್ಮ ಬೀದಿಯ ಬೋರ್‌ವೆಲ್‌ಗಳು ಬತ್ತಿದ್ದನ್ನು ಕಂಡಿದ್ದೇನೆ, ಇಲ್ಲಿನ ಮನೆಯ ಮುಂದೆ ನಾನೇ ಒಂದು ತೋಡಿಸಿದ್ದೇನೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ನೀರನ್ನು ನೆಲದೊಳಗೆ ಕಳಿಸುವುದೇ ದೊಡ್ಡ ಉಪಕಾರ. ಆದರೆ ಜುಲೈಯಲ್ಲಿ ನಮ್ಮೂರಿನ ಬಾವಿಗೆ ಬಗ್ಗಿ ನೋಡಿ, ನೀರು ನೆಲದಿಂದ ಎರಡಡಿ ಕೆಳಗೆ ನಿಂತಿರುತ್ತದೆ. ನಿಮ್ಮ ಗುಂಡಿಗೆ ನಾಲ್ಕಡಿ ಅಗಲ, ಆರಡಿ ಆಳ. ಅದರ ಕೆಳಗಿನ ನಾಲ್ಕಡಿ ಮಳೆ ಬೀಳುವ ಮೊದಲೇ ಒರತೆಯಿಂದ ತುಂಬಿರುತ್ತದೆ. ಮೇಲಿನ ಎರಡಡಿಯಲ್ಲೂ ಜಲ್ಲಿ ತುಂಬಿರುವುದರಿಂದ ಒಂದೊಂದು ಗುಂಡಿ ಹಿಡಿಯುವುದು 300 ಲೀಟರ್ ಮೀರುವುದಿಲ್ಲ. ನಮ್ಮ 1500 ಚದರಡಿ ಹಂಚಿನ ಮಾಡಿನಿಂದ 100 ಮಿಲಿಮೀಟರ್ ಮಳೆಗೆ ಇಳಿಯುವ ನೀರು ಸುಮಾರು 14 ಸಾವಿರ ಲೀಟರ್. ಇಡೀ 20 ಸೆಂಟ್ಸ್ ಜಾಗದ ಲೆಕ್ಕ ಹಿಡಿದರೆ 80 ಸಾವಿರ ಲೀಟರ್, ಎಂದರೆ ನಮ್ಮ ಬೀದಿಗೆ ಬರುವಂಥ 6000 ಲೀಟರಿನ ಟ್ಯಾಂಕರ್ 13 ಸಲ ಬಂದು ಸುರಿದಂತೆ. ಊರಿನಲ್ಲಿ ಒಂದೇ ದಿನ ಅಷ್ಟು ಮಳೆ ಬೀಳುವುದು ಹೊಸದೇನಲ್ಲ.

ಇವೆರಡರಲ್ಲಿ ಒಂದು ಗುಂಡಿ ಬಾವಿಯಿಂದ 12 ಅಡಿ ದೂರದಲ್ಲಿದೆ, ಅದಕ್ಕೆ ಅಡುಗೆಮನೆಯ ತೊಳೆದ ನೀರನ್ನೂ ಸೇರಿಸಿದ್ದೀರಿ. ಜೂನ್ ಮಧ್ಯದಿಂದ ಬಾವಿಯ ನೀರಿಗೆ ಸೋಪಿನ ವಾಸನೆ ಬರುತ್ತಿದೆ. ಅಮ್ಮ ಪಕ್ಕದ ಮನೆಯಿಂದ ಎರಡು ಕೊಡ ಕುಡಿಯುವ ನೀರು ತರಿಸಿಕೊಳ್ಳುತ್ತಿದ್ದಾರೆ. ಸುತ್ತಲೂ ನೀರು, ಕುಡಿಯಲು ಮಾತ್ರ ನೆರೆಮನೆಯ ಕೊಡ. ಬೇರೆಲ್ಲ ಸಹಿಸಬಹುದು, ಇದನ್ನು ಸಹಿಸಲು ನನ್ನಿಂದ ಆಗುತ್ತಿಲ್ಲ.

ಬಿಲ್ಲಿನಲ್ಲಿ, ಜಲ್ಲಿಯೊಳಗೆ ಮಣ್ಣು ಇಳಿಯದಂತೆ ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಗೆ ಹಣ ಹಿಡಿದಿದ್ದೀರಿ. ನಾವು ಎರಡು ಕಡೆ ಅಗೆದು ನೋಡಿದೆವು, ಬಟ್ಟೆ ಇಲ್ಲ, ಜಲ್ಲಿಯ ತುಂಬ ಮಣ್ಣು ಇಳಿದಿದೆ.

ನಾನು ಕೇಳುತ್ತಿರುವುದು ಇದು. ಬಾವಿಯ ಬಳಿಯ ಗುಂಡಿಯಿಂದ ಅಡುಗೆಮನೆಯ ನೀರನ್ನು ಈ ಪತ್ರ ತಲುಪಿದ ಒಂದು ವಾರದೊಳಗೆ ಬೇರ್ಪಡಿಸಬೇಕು, ಬಾವಿಯ ನೀರಿನ ಪರೀಕ್ಷೆಯ ಖರ್ಚು ನಿಮ್ಮದು. ಪೈಪಿನ ತೋಡಿನ ಕಡೆಯ ಬಾಯಿಯನ್ನು ತಕ್ಷಣ ಮುಚ್ಚಬೇಕು. ಈ ಮಳೆಗಾಲ ಮುಗಿಯುವವರೆಗೆ ಅಂಗಳದ ನೀರು ಎತ್ತಿಹಾಕಲು ಒಂದು ಪಂಪ್ ಒದಗಿಸಬೇಕು. ಉಳಿದ ಕೆಲಸ ಅಕ್ಟೋಬರ್ ನಂತರ ಆಗಲಿ: ಇಂಟರ್‌ಲಾಕ್ ತೆಗೆದು ಕಣಿಯನ್ನು ಮೊದಲಿನಂತೆ ತೆರೆಯುವುದು, ತಗ್ಗಿಗೆ ತುಂಬಿದ ಮಣ್ಣು ತೆಗೆಯುವುದು, ತೋಡಿನ ಕಿಂಡಿಗೆ ಒಳಗಿನ ನೀರಿಗೆ ಮಾತ್ರ ತೆರೆದುಕೊಳ್ಳುವ ಬಾಗಿಲು ಕೂರಿಸುವುದು. ಆದರೆ ಅದರ ಅಳತೆಯನ್ನು ಈಗಲೇ, ತೋಡು ತುಂಬಿರುವಾಗ, ಬಂದು ತೆಗೆದುಕೊಳ್ಳಿ. ಬರುವ ದಿನ ತಿಳಿಸಿದರೆ ನಾನೂ ಅಲ್ಲಿರುತ್ತೇನೆ. ಅಮ್ಮನನ್ನೂ ಕೇಳಿ, ಯಾವ ತಿಂಗಳಲ್ಲಿ ನೀರು ಯಾವ ಕಲ್ಲಿನವರೆಗೆ ಬರುತ್ತದೆ ಎಂದು ಅವರು ತೋರಿಸುತ್ತಾರೆ.

ಇದು ನಿಮ್ಮಿಂದ ಆಗದು ಎಂದಾದರೆ ಪೂರ್ತಿ ಹಣ ಹಿಂತಿರುಗಿಸಿ, ಬೇರೆಯವರಿಂದ ಮಾಡಿಸಿಕೊಳ್ಳುತ್ತೇನೆ. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸುತ್ತೇನೆ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ, ಆದ್ದರಿಂದ ಅದು ಬೆಂಗಳೂರಿನಲ್ಲೇ ನಡೆಯುತ್ತದೆ.

ಮುಂದಿನ ಅಮಾವಾಸ್ಯೆ ಆಗಸ್ಟ್ 23ಕ್ಕೆ. ಪೈಪಿನ ಬಾಯಿ ಅಷ್ಟರೊಳಗೆ ಮುಚ್ಚಿರಲೇಬೇಕು.

ಇಂತಿ,
ನಿಮ್ಮ ಗ್ರಾಹಕ
ವಿಜಯನಗರ, ಬೆಂಗಳೂರು